ಮಳೆಗಾಲದಲ್ಲಿ ಮುಳುಗುವ ಚರ್ಚು

ವೂರ್‌ಬರ್ಗ್‌ನ ವ್ಲೀಟ್ ಕಾಲುವೆಯ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದನ್ನು ನಾವು ನೋಡುತ್ತೇವೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹಾಗಲ್ಲ. ಅಲ್ಲಿ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ರೋಸರಿ ಚರ್ಚು, ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಹಿನ್ನೀರಿನ ಪಾಲಾಯಿತು. ಊರಿನವರು ಮನೆ, ಹೊಲ ಬಿಟ್ಟು ಬೇರೆಡೆ ನೆಲೆಸಬೇಕಾಯಿತು.

ಜಲಾಶಯ ತುಂಬಿದಾಗ ಕಟ್ಟಡದ ಮೇಲ್ಭಾಗವಷ್ಟೇ ಕಾಣುತ್ತದೆ. ಚಾವಣಿ ಈಗಿಲ್ಲ. ಗಾಥಿಕ್ ಶೈಲಿಯ ಚೂಪು ಕಮಾನುಗಳು ಉಳಿದಿವೆ. ಇಂಥ ಕಮಾನು ಭಾರವನ್ನು ಪಕ್ಕಕ್ಕೆ ಹೆಚ್ಚು ತಳ್ಳದೆ ಕೆಳಗಿಳಿಸುವುದರಿಂದ ಗೋಡೆಯನ್ನು ಎತ್ತರಕ್ಕೆ ಏರಿಸಬಹುದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಸ್ಥಳೀಯರು ಹೇಳುತ್ತಾರೆ. ಆದರೂ ಪ್ರತಿವರ್ಷ ನೆನೆದು ಒಣಗುವ ಗೋಡೆಗಳು ಸವೆಯುತ್ತಲೇ ಇವೆ.

ಮಕ್ಕಳೇ, ನಮ್ಮ ಜುಲೈ-ಆಗಸ್ಟ್ ರಜೆ ಅಲ್ಲಿ ಮಳೆಗಾಲ. ಒಳಗೆ ನಡೆದು ನೋಡಬೇಕೆಂದರೆ ಮೇ ತಿಂಗಳ ರಜೆಯಲ್ಲೇ ಹೋಗಿ. ಗೋಡೆ ಮಾತ್ರ ಹತ್ತಬೇಡಿ.