ಮನೆಯೊಳಗಿನ ಗಾಲ್ಫ್ ಆಟವೂ ಹಳೆಯ ಗಣಕಯಂತ್ರವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಕೆನಡಾ ದೇಶದಲ್ಲಿ ಉದ್ಯೋಗದಲ್ಲಿದ್ದಾರೆ. ಕಳೆದ ಮಳೆಗಾಲದಲ್ಲಿ ರಜೆಯ ಮೇಲೆ ಊರಿಗೆ ಬಂದವರು ಶಾಲೆಗೂ ಬಂದು, ಹತ್ತನೆಯ ತರಗತಿಯ ಮಕ್ಕಳೊಡನೆ ಒಂದು ಗಂಟೆಯ ಕಾಲ ಮಾತನಾಡಿದರು. ಅಲ್ಲಿ ಚಳಿಗಾಲ ಬಂತೆಂದರೆ ಆಟದ ಬಯಲುಗಳೆಲ್ಲ ಹಿಮದಡಿಯಲ್ಲಿ ಮುಚ್ಚಿಹೋಗುತ್ತವೆ. ಗಾಲ್ಫ್ ಆಟದ ಅಭಿರುಚಿಯುಳ್ಳವರು ತಿಂಗಳುಗಟ್ಟಲೆ ಸುಮ್ಮನಿರಬೇಕಾಗುತ್ತದೆ. ಅದಕ್ಕಾಗಿ ಅವರು ಕಾರು ನಿಲ್ಲಿಸುವ ಕೊಠಡಿಯಲ್ಲಿ ಒಂದು ಪರದೆಯನ್ನು ಕಟ್ಟಿ, ಯಾವುದೋ ಕಛೇರಿಯವರು ಉಪಯೋಗಿಸಿ ಮಾರಿದ ಗಣಕಯಂತ್ರವನ್ನು ಅಗ್ಗದಲ್ಲಿ ಕೊಂಡು ಸಜ್ಜುಗೊಳಿಸಿ, ಆ ಆಟವನ್ನು ಮನೆಯೊಳಗೇ ಆಡುತ್ತಿದ್ದಾರಂತೆ.

ಇದನ್ನು ಕೇಳಿದ ಮಕ್ಕಳಿಂದ ಎರಡು ಪ್ರಶ್ನೆಗಳು ಬಂದವು. ಎರಡು ಮಾರು ದೂರದ ಪರದೆಗೆ ಬಡಿದು ಕೆಳಗೆ ಬೀಳುವ ಚೆಂಡು ಇನ್ನೂರು ಮೀಟರು ಹೋಯಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇಷ್ಟು ದೊಡ್ಡ ಕೆಲಸಕ್ಕೆ ಹೊಸದಾದ, ಬೆಲೆಬಾಳುವ ಯಂತ್ರವೇ ಬೇಡವೆ? ಇವೆರಡಕ್ಕೂ ಉತ್ತರವನ್ನು ಇಲ್ಲಿ ವಿವರಿಸುತ್ತೇವೆ. ಎರಡನೆಯ ಪ್ರಶ್ನೆಯ ಉತ್ತರವನ್ನು ಅರಿಯದೆ ನಾವೇ ಒಮ್ಮೆ ತಪ್ಪು ಸಲಹೆಯನ್ನು ಕೊಟ್ಟುದುಂಟು. ಹೆತ್ತವರ ಉಪಯೋಗಕ್ಕಾಗಿ ಅದನ್ನೂ ಮರೆಮಾಚದೆ ಹೇಳುತ್ತೇವೆ.

ಆಟದ ಪರಿಚಯ

ಗಾಲ್ಫ್ ನಮ್ಮ ಮಕ್ಕಳಿಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ವಿಶಾಲವಾದ ಹುಲ್ಲುಬಯಲಿನಲ್ಲಿ ಒಂದು ಪುಟ್ಟ ಚೆಂಡನ್ನು ದಾಂಡಿನಿಂದ ಹೊಡೆಯುತ್ತ, ಆದಷ್ಟು ಕಡಮೆ ಹೊಡೆತಗಳಲ್ಲಿ ದೂರದ ಕುಳಿಯೊಳಕ್ಕೆ ಬೀಳಿಸುವುದೇ ಇದರ ಗುರಿ. ಕುಳಿಯ ವ್ಯಾಸ ೧೦೮ ಮಿಲಿಮೀಟರು. ನಿಯಮದಂತೆ ಚೆಂಡಿನ ತೂಕವು ೪೫.೯೩ ಗ್ರಾಮನ್ನು ಮೀರಕೂಡದು, ವ್ಯಾಸವು ೪೨.೬೭ ಮಿಲಿಮೀಟರಿಗೆ ಕಡಮೆಯಾಗಕೂಡದು. ಕನ್ನಡ ನಾಡಿಗೂ ಈ ಆಟಕ್ಕೂ ಸಂಬಂಧವಿಲ್ಲದಿಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿಯು, ೨೦೨೧ರಲ್ಲಿ ಜರಗಿದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದು, ಪದಕದ ಹೊಸ್ತಿಲವರೆಗೆ ನಡೆದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಚೆಂಡಿನ ಹಾರಾಟವನ್ನು ಅಳೆಯುವ ಬಗೆ

ದಾಂಡಿಗೂ ಚೆಂಡಿಗೂ ಸಂಪರ್ಕವಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಆ ಕ್ಷಣ ಕಳೆದ ಮೇಲೆ ಆಟಗಾರನು ಚೆಂಡಿಗೆ ಮಾಡಬಹುದಾದುದು ಏನೂ ಇಲ್ಲ. ಚೆಂಡು ಹೊರಟ ವೇಗ, ನೆಲದಿಂದ ಎದ್ದ ಕೋನ, ಎಡಕ್ಕೋ ಬಲಕ್ಕೋ ತಿರುಗಿದ ದಿಕ್ಕು, ತನ್ನ ಸುತ್ತ ತಾನೇ ಸುತ್ತುವ ಬಗೆ — ಇವು ತಿಳಿದರೆ ಮುಂದಿನದೆಲ್ಲ ಗಣಿತ.

ಈ ಅಳತೆಗಳನ್ನು ತೆಗೆದುಕೊಳ್ಳುವ ಉಪಕರಣಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಒಂದು ಬಗೆಯದು ಚೆಂಡಿನ ಪಕ್ಕದಲ್ಲಿದ್ದು, ಕ್ಷಣಾರ್ಧದಲ್ಲಿ ಹಲವು ಛಾಯಾಚಿತ್ರಗಳನ್ನು ತೆಗೆದು ಅವನ್ನು ಹೋಲಿಸಿ ನೋಡುತ್ತದೆ. ಇನ್ನೊಂದು ಬಗೆಯದು ಆಟಗಾರನ ಹಿಂದೆ ಇದ್ದು ರೇಡಾರಿನ ಅಲೆಗಳನ್ನು ಕಳುಹಿಸಿ, ಚೆಂಡಿಗೆ ತಾಗಿ ಹಿಂದಿರುಗಿದ ಅಲೆಯ ಆವರ್ತದಲ್ಲಿ ಆದ ವ್ಯತ್ಯಾಸದಿಂದ ವೇಗವನ್ನು ತಿಳಿಯುತ್ತದೆ. ಭೌತಶಾಸ್ತ್ರದಲ್ಲಿ ಡಾಪ್ಲರ್ ಪರಿಣಾಮವೆಂದು ಹೇಳುವುದು ಇದನ್ನೇ. ನುರಿತ ಆಟಗಾರನು ದೊಡ್ಡ ದಾಂಡಿನಿಂದ ಹೊಡೆದ ಚೆಂಡು ಸೆಕೆಂಡಿಗೆ ಸುಮಾರು ೭೫ ಮೀಟರು, ಅಂದರೆ ಗಂಟೆಗೆ ೨೭೦ ಕಿಲೋಮೀಟರು ವೇಗದಲ್ಲಿ ಹೊರಡುತ್ತದೆ. ನಿಮಿಷಕ್ಕೆ ಸುಮಾರು ಎರಡೂವರೆ ಸಾವಿರ ಸುತ್ತು ಸುತ್ತುತ್ತದೆ.

ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೋಗುವಾಗ ತನ್ನ ಬೆನ್ನ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯು ಚೆಂಡನ್ನು ಮೇಲಕ್ಕೆ ಎತ್ತುತ್ತದೆ. ಇದನ್ನು ೧೮೫೨ರಲ್ಲಿ ಪ್ರಯೋಗಗಳಿಂದ ವಿವರಿಸಿದ ಜರ್ಮನ್ ವಿಜ್ಞಾನಿಯ ಹೆಸರಿನಿಂದ ಮ್ಯಾಗ್ನಸ್ ಪರಿಣಾಮವೆನ್ನುತ್ತಾರೆ. ಸುತ್ತುವ ಅಕ್ಷವು ಓರೆಯಾದರೆ ಚೆಂಡು ಎಡಕ್ಕೋ ಬಲಕ್ಕೋ ಬಾಗುತ್ತದೆ. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ನರೇ ೧೯೧೦ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಚಲನೆಯ ಕುರಿತು ಉಪನ್ಯಾಸ ಮಾಡಿದ್ದರು. ಆಟದ ಸಾಮಾನೆಂದು ವಿಜ್ಞಾನಿಗಳು ಅದನ್ನು ಕಡೆಗಣಿಸಲಿಲ್ಲ.

ಭಾರ ಬೀಳುವುದು ಎಲ್ಲಿ?

ಇನ್ನು ಗಣಕಯಂತ್ರದ ಕೆಲಸವನ್ನು ನೋಡೋಣ. ಚೆಂಡು ಗಾಳಿಯಲ್ಲಿರುವುದು ಸುಮಾರು ಆರು ಸೆಕೆಂಡು. ಒಂದೊಂದು ಸೆಕೆಂಡನ್ನೂ ಸಾವಿರ ಪಾಲು ಮಾಡಿ, ಪ್ರತಿಯೊಂದು ಪಾಲಿಗೂ ಚೆಂಡಿನ ಸ್ಥಾನವನ್ನು ಲೆಕ್ಕ ಹಾಕಿದರೂ ಆರು ಸಾವಿರ ಲೆಕ್ಕಗಳಾದವು. ನಮಗೆ ಇದು ತಿಂಗಳ ಕೆಲಸ. ಹಳೆಯ ಗಣಕಯಂತ್ರಕ್ಕೂ ಕಣ್ಣು ಮುಚ್ಚಿ ತೆರೆಯುವಷ್ಟರ ಕೆಲಸ.

ಹಾಗಾದರೆ ಭಾರವಿರುವುದು ಎಲ್ಲಿ? ಚಿತ್ರ ಬರೆಯುವುದರಲ್ಲಿ. ಪರದೆಯ ಮೇಲಿನ ಹುಲ್ಲು, ಮರ, ನೀರು, ನೆರಳು ಇವೆಲ್ಲವೂ ಚುಕ್ಕೆಗಳಿಂದಾದವು. ಸಾಮಾನ್ಯವಾದ ಪ್ರೊಜೆಕ್ಟರಿನಲ್ಲಿ ಅಡ್ಡಕ್ಕೆ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳು; ಗುಣಿಸಿದರೆ ೨೦,೭೩,೬೦೦. ಚಿತ್ರವು ಸರಾಗವಾಗಿ ಚಲಿಸಬೇಕಾದರೆ ಇಷ್ಟನ್ನೂ ಸೆಕೆಂಡಿಗೆ ೬೦ ಸಲ ಹೊಸದಾಗಿ ಬರೆಯಬೇಕು. ಅಂದರೆ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮೀರಿದ ಚುಕ್ಕೆಗಳು! ಇದಕ್ಕಾಗಿಯೇ ಗ್ರಾಫಿಕ್ಸ್ ಕಾರ್ಡ್ ಎಂಬ ಬೇರೆ ಭಾಗವಿದೆ. ೪ಕೆ ಎಂದು ಕರೆಯುವ ಪ್ರೊಜೆಕ್ಟರಾದರೆ ಚುಕ್ಕೆಗಳು ಸರಿಯಾಗಿ ನಾಲ್ಕು ಪಾಲು ಹೆಚ್ಚುತ್ತವೆ. ಆಗ ಕಾರ್ಡೂ ಅಷ್ಟೇ ಬಲವಾದದ್ದು ಬೇಕು, ಬೆಲೆಯೂ ಏರುತ್ತದೆ. ಸಾಮಾನ್ಯ ಪ್ರೊಜೆಕ್ಟರನ್ನಿಟ್ಟುಕೊಂಡು ೪ಕೆಗೆ ತಕ್ಕ ಕಾರ್ಡನ್ನು ಕೊಳ್ಳುವುದು, ಸೇರು ಅಕ್ಕಿ ಬೇಯಿಸಲು ಜಾತ್ರೆಯ ಹಂಡೆ ತಂದಂತೆ.

ಭಾಗಗಳ ಆಯ್ಕೆ

ನಮ್ಮ ಹಳೆಯ ವಿದ್ಯಾರ್ಥಿಯವರು ಈ ಲೆಕ್ಕವನ್ನು ಮೊದಲೇ ಮಾಡಿದ್ದರಿಂದ ಅವರ ಖರ್ಚು ಹಿಡಿತದಲ್ಲಿತ್ತು. ಅವರು ಕೊಂಡುದು ಐ-೫-೮೫೦೦ ಎಂಬ, ೨೦೧೮ರಲ್ಲಿ ಹೊರಬಂದ ಪ್ರೊಸೆಸರುಳ್ಳ ಯಂತ್ರ. ಗೀಟಿನ ಮುಂದಿನ '೮' ಎಂಬ ಅಂಕೆಯು ಅದು ಎಂಟನೆಯ ಪೀಳಿಗೆಯದೆಂದು ತಿಳಿಸುತ್ತದೆ. ಐ-೫-೧೦೪೦೦ ಎಂದಿದ್ದರೆ ಹತ್ತನೆಯ ಪೀಳಿಗೆ. ಇಂಟೆಲ್ ಪ್ರೊಸೆಸರುಗಳಲ್ಲಿ ವಿಂಡೋಸ್ ೧೧ಕ್ಕೆ ಅಧಿಕೃತ ಬೆಂಬಲವಿರುವುದು ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದ ಈಚಿನವಕ್ಕೆ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಗಾಲ್ಫ್ ತಂತ್ರಾಂಶಗಳಲ್ಲಿ ಹೆಸರಾದ ಜಿಎಸ್‌ಪ್ರೊ ನಡೆಯುವುದು ವಿಂಡೋಸಿನಲ್ಲಾದುದರಿಂದ ಈ ಅಂಕೆಯನ್ನು ಅವರು ಮುಖ್ಯವಾಗಿ ನೋಡಿದರು.

ತರುವಾಯ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮರಣೆ. ಎಂಟು ಗಿಗಾಬೈಟಿನ ಎರಡು ಪಟ್ಟಿಗಳನ್ನು ಜೋಡಿಯಾಗಿ ಹಾಕಿ ಹದಿನಾರು ಮಾಡಿದರು. ಒಂದೇ ಪಟ್ಟಿಗಿಂತ ಜೋಡಿ ಪಟ್ಟಿಗಳು ಮಾಹಿತಿಯನ್ನು ವೇಗವಾಗಿ ಒದಗಿಸುತ್ತವೆ. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ.ಯನ್ನು ಹಾಕಿದರು. ಹಣದ ಬಹುಪಾಲನ್ನು ಉಳಿಸಿಕೊಂಡದ್ದು ಗ್ರಾಫಿಕ್ಸ್ ಕಾರ್ಡಿಗೆ. ಆರು ಗಿಗಾಬೈಟ್ ಸ್ವಂತ ಸ್ಮರಣೆಯುಳ್ಳ ಜಿ.ಟಿ.ಎಕ್ಸ್. ೧೬೬೦ ಸೂಪರ್ ಎಂಬುದನ್ನು ಬಳಸಿದವರಿಂದಲೇ ಕೊಂಡರು.

ಇಲ್ಲಿ ಮರೆಯಬಾರದ ಲೆಕ್ಕವೊಂದುಂಟು. ಆ ಪ್ರೊಸೆಸರಿಗೆ ೬೫ ವ್ಯಾಟ್, ಕಾರ್ಡಿಗೆ ೧೨೫, ಉಳಿದ ಭಾಗಗಳಿಗೆ ಸುಮಾರು ೬೦, ಒಟ್ಟು ೨೫೦. ಪವರ್ ಸಪ್ಲೈ ಇದಕ್ಕಿಂತ ಸಾಕಷ್ಟು ಹೆಚ್ಚು ಶಕ್ತಿಯುಳ್ಳದ್ದಾಗಿರಬೇಕು. ಕಛೇರಿಯ ಪುಟ್ಟ ಪೆಟ್ಟಿಗೆಗಳಲ್ಲಿ ಅಷ್ಟು ಶಕ್ತಿಯೂ ಇರುವುದಿಲ್ಲ, ಉದ್ದನೆಯ ಕಾರ್ಡಿಗೆ ಜಾಗವೂ ಇರುವುದಿಲ್ಲ. ಕೆಲವದರಲ್ಲಿ ತಯಾರಕರು ತಮ್ಮದೇ ಬಗೆಯ ತಂತಿಮೂತಿಗಳನ್ನಿಟ್ಟಿರುವುದರಿಂದ ಬೇರೆ ಪವರ್ ಸಪ್ಲೈ ಹೊಂದುವುದೂ ಇಲ್ಲ. ಆದುದರಿಂದ ಅವರು ಸಾಮಾನ್ಯ ಅಳತೆಯ ದೊಡ್ಡ ಪೆಟ್ಟಿಗೆಯ ಯಂತ್ರವನ್ನೇ ಹುಡುಕಿ, ಅದಕ್ಕೆ ೫೦೦ ವ್ಯಾಟಿನ ಹೊಸ ಪವರ್ ಸಪ್ಲೈಯನ್ನು ಹಾಕಿದರು. ಉಳಿದೆಲ್ಲವೂ ಹಳತಾದರೂ ಇದೊಂದು ಹೊಸದಾಗಿರಲೆಂಬುದು ಅವರ ಅಭಿಪ್ರಾಯ. ಇದು ಕೆಟ್ಟರೆ ಬೇರೆ ಭಾಗಗಳನ್ನೂ ಕೆಡಿಸಬಲ್ಲುದು.

ನಮ್ಮ ತಪ್ಪು

ಇನ್ನು ನಮ್ಮ ಮಾತು. ೨೦೨೩ರ ಕೊನೆಯಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಲಿಟಲ್ ಕೈಟ್ಸ್ ಕೂಟದ ಸದಸ್ಯೆಯಾಗಿದ್ದಳು. ಚಿತ್ರಗಳಿಗೆ ಜೀವ ತುಂಬುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಅವಳಿಗೆ ಬಹಳ ಆಸಕ್ತಿ. ಅವಳ ತಂದೆಯವರು ಅಡಿಕೆ ಸುಲಿದ ಕೂಲಿಯಲ್ಲಿ ಕೂಡಿಟ್ಟ ಹಣದಿಂದ ಹಳೆಯ ಗಣಕಯಂತ್ರವೊಂದನ್ನು ಕೊಳ್ಳಲೆಂದು ಪೇಟೆಗೆ ಹೋದವರು, ಅಂಗಡಿಯಿಂದಲೇ ನಮಗೆ ಫೋನು ಮಾಡಿ, "ಮಾಸ್ಟ್ರೇ, ಐ-ಸೆವೆನ್ ಅಂತ ಬರೆದದ್ದು ಉಂಟು, ತಕ್ಕೊಳ್ಳಬಹುದೋ?" ಎಂದು ಕೇಳಿದರು. ನಾವು, "ಐ-ಸೆವೆನ್ ಅಲ್ವಾ, ಧೈರ್ಯವಾಗಿ ತೆಗೊಳ್ಳಿ" ಎಂದುಬಿಟ್ಟೆವು.

ಮನೆಗೆ ಬಂದ ಯಂತ್ರದಲ್ಲಿ ಬ್ಲೆಂಡರ್ ತೆರೆಯಲೇ ಇಲ್ಲ. ನೋಡಿದರೆ ಅದು ಐ-೭-೨೬೦೦. ೨೦೧೧ರ ಎರಡನೆಯ ಪೀಳಿಗೆಯದು. ಅದರೊಳಗೇ ಅಡಕವಾಗಿದ್ದ ಚಿತ್ರ ಬರೆಯುವ ಭಾಗವು ಬ್ಲೆಂಡರಿಗೆ ಬೇಕಾದ ಕನಿಷ್ಠ ಮಟ್ಟವನ್ನೂ ಮುಟ್ಟುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಮಕ್ಕಳಿಗೆ ಕಲಿಸುವ ನಾವು ಹೊರಗಿನ ಚೀಟಿಯನ್ನು ನಂಬಿದೆವು. ಯಾವ ಕೆಲಸಕ್ಕೆ ಬೇಕೆಂದು ಕೇಳಲಿಲ್ಲ. ಪೂರ್ತಿ ಅಂಕೆಯನ್ನು ಓದಿಸಲಿಲ್ಲ. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲೊಪ್ಪಲಿಲ್ಲ. ಆ ತಂದೆಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮ್ಮ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲವೋ ಏನೋ.

ಕಳೆದ ಮಳೆಗಾಲದ ಆ ದಿನ ಎರಡನೆಯ ಪ್ರಶ್ನೆಯನ್ನು ಕೇಳಿದವಳು ಅದೇ ಹುಡುಗಿ. ಸಂಗತಿಯನ್ನು ತಿಳಿದು ನಮ್ಮ ಹಳೆಯ ವಿದ್ಯಾರ್ಥಿಯವರು ಮರುದಿನ ನಮ್ಮೊಡನೆ ಅವಳ ಮನೆಗೆ ಬಂದು ಯಂತ್ರವನ್ನು ಬಿಚ್ಚಿ ನೋಡಿದರು. ಗಾಲ್ಫ್ ಆಟಕ್ಕೂ ಬ್ಲೆಂಡರಿಗೂ ಭಾರ ಬೀಳುವುದು ಒಂದೇ ಕಡೆಯೆಂದು ಅವರು ತೋರಿಸಿಕೊಟ್ಟರು. ಯಂತ್ರದ ಪವರ್ ಸಪ್ಲೈ ೨೬೫ ವ್ಯಾಟಿನದು. ಪ್ರೊಸೆಸರಿಗೆ ೯೫, ಉಳಿದವಕ್ಕೆ ೫೦ ಕಳೆದರೆ ಉಳಿಯುವುದು ೧೨೦. ಮದರ್‌ಬೋರ್ಡಿನ ಸೀಳಿನಿಂದಲೇ ೭೫ ವ್ಯಾಟ್ ಪಡೆದು, ಬೇರೆ ತಂತಿಯಿಲ್ಲದೆ ನಡೆಯುವ ಜಿ.ಟಿ.ಎಕ್ಸ್. ೧೬೫೦ರ ಒಂದು ಮಾದರಿಯನ್ನು ಬಳಸಿದವರಿಂದ ಕೊಂಡೆವು. ತೀರ ಹಳೆಯ ಮದರ್‌ಬೋರ್ಡು ಹೊಸ ಕಾರ್ಡನ್ನು ಗುರುತಿಸದಿರುವುದೂ ಉಂಟಾದುದರಿಂದ, ಹಣ ಕೊಡುವ ಮೊದಲೇ ಜೋಡಿಸಿ ನೋಡಿದೆವು. ಕಾರ್ಡಿನ ಬೆಲೆಯನ್ನು ನಾವೇ ಕೊಟ್ಟೆವು. ಅದು ನಾವು ತೀರಿಸಬೇಕಾಗಿದ್ದ ಸಾಲ. ಶಾಲೆಯಲ್ಲಿ ಉಪಯೋಗಿಸುವ ಕೈಟ್ ಸಂಸ್ಥೆಯ ಉಚಿತ ಲಿನಕ್ಸನ್ನು ಹಾಕಿದ್ದರಿಂದ ವಿಂಡೋಸಿನ ಚಿಂತೆಯೂ ತಪ್ಪಿತು. ಈಗ ಆ ಮನೆಯಲ್ಲಿ ಬ್ಲೆಂಡರ್ ತೆರೆಯುತ್ತದೆ.

ಕೊಳ್ಳುವ ಮೊದಲು

ಹೆತ್ತವರು ಈ ಕೆಳಗಿನ ವಿಷಯಗಳನ್ನು ಗಮನದಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ.

೧. ಯಾವ ಕೆಲಸಕ್ಕೆಂದು ಮೊದಲು ನಿಶ್ಚಯಿಸಿರಿ. ಓದು, ಬರೆಹ, ಲೆಕ್ಕಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದಿಲ್ಲ.

೨. ಪ್ರೊಸೆಸರಿನ ಪೂರ್ತಿ ಅಂಕೆಯನ್ನು ಹೊರಗಿನ ಚೀಟಿಯಲ್ಲಲ್ಲ, ಯಂತ್ರವನ್ನು ನಡೆಸಿ ಪರದೆಯ ಮೇಲೆಯೇ ಓದಿ ಬರೆದುಕೊಳ್ಳಿರಿ.

೩. ನಿಮಗೆ ಬೇಕಾದ ತಂತ್ರಾಂಶವನ್ನೇ ಅರ್ಧ ಗಂಟೆ ನಡೆಸಿ ನೋಡಿರಿ. ಪರದೆಯಲ್ಲಿ ಬಣ್ಣದ ಗೆರೆಗಳು ಬಂದರೆ, ಯಂತ್ರವು ತಾನಾಗಿ ನಿಂತರೆ, ಫ್ಯಾನು ಕರ್ಕಶವಾಗಿ ಸದ್ದು ಮಾಡಿದರೆ ಬಿಟ್ಟುಬಿಡಿರಿ.

೪. ಮಾರಿದವರ ಹೆಸರುಳ್ಳ ರಶೀದಿಯಿಲ್ಲದೆ ಕೊಳ್ಳಬೇಡಿರಿ. ಕದ್ದ ಮಾಲು ಅಗ್ಗವಾಗಿಯೇ ಇರುತ್ತದೆ. ಇಷ್ಟು ದಿನದೊಳಗೆ ಹಿಂದಿರುಗಿಸಬಹುದೆಂದು ಅದರಲ್ಲೇ ಬರೆಯಿಸಿಕೊಳ್ಳಿರಿ.

೫. ಧೂಳನ್ನು ತೆಗೆಯುವಾಗ ವಿದ್ಯುತ್ತಿನ ಸಂಪರ್ಕವನ್ನು ಪೂರ್ತಿಯಾಗಿ ಕಳಚಿರಿ. ಪವರ್ ಸಪ್ಲೈಯ ಡಬ್ಬಿಯನ್ನಂತೂ ಎಂದೂ ಬಿಚ್ಚಬೇಡಿರಿ. ತಂತಿ ಕಳಚಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಲ್ಲುದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಳೆಯ ಯಂತ್ರವನ್ನು ಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದುದೇನೂ ಇಲ್ಲ. ಆದರೆ ಕೊಳ್ಳುವ ಮೊದಲು ವಿಚಾರಿಸಿರಿ. ನಮ್ಮನ್ನು ಕೇಳಿದರೆ ಈ ಸಲ ಪೂರ್ತಿ ಅಂಕೆಯನ್ನು ಓದಿಸಿಯೇ ಉತ್ತರ ಹೇಳುತ್ತೇವೆ.

ಅಭ್ಯಾಸ

೧. ಅಡ್ಡಕ್ಕೆ ೧,೨೮೦, ಉದ್ದಕ್ಕೆ ೭೨೦ ಚುಕ್ಕೆಗಳುಳ್ಳ ಪ್ರೊಜೆಕ್ಟರಿನಲ್ಲಿ ಒಟ್ಟು ಎಷ್ಟು ಚುಕ್ಕೆಗಳು? ಲೇಖನದಲ್ಲಿ ಹೇಳಿದ ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಇದರ ಎಷ್ಟು ಪಾಲು ಇವೆ?

೨. ಹುಡುಗಿಯ ಮನೆಯ ಯಂತ್ರಕ್ಕೆ ೧೨೫ ವ್ಯಾಟಿನ ಕಾರ್ಡನ್ನು ಹಾಕಬಹುದಾಗಿತ್ತೆ? ಲೆಕ್ಕದಿಂದ ಕಾರಣ ಕೊಡಿರಿ.

೩. ಸೆಕೆಂಡಿಗೆ ೭೫ ಮೀಟರು ವೇಗದ ಚೆಂಡು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಲ್ಲಿ ಎಷ್ಟು ಸೆಂಟಿಮೀಟರು ಚಲಿಸುತ್ತದೆ?