ಕೂಡಿಸಬೇಡಿರಿ, ಗುಣಿಸಿರಿ: ಊರಿನ ಜನಸಂಖ್ಯೆ ಅಂದಾಜಿಗೊಂದು ಕಿವಿಮಾತು

ತಮ್ಮಾ, ತಂಗೀ, ಕಲಘಟಗಿ ತಾಲ್ಲೂಕಿನ ಯಾವ ಪಂಚಾಯ್ತಿಯ ಯೋಜನೆ ಬರೆಯಲು ಕೂತರೂ ಕೈಗೆ ಸಿಗುವುದು 2011ರ ಜನಗಣತಿಯ ಲೆಕ್ಕ. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಗಿ 2027ಕ್ಕೆ ನಿಂತಿತು. ನಡುವಿನ ಹದಿನಾರು ವರ್ಷವನ್ನು ನಾವೇ ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ನೀರಿನ ಟ್ಯಾಂಕಿನ ಅಳತೆಯೂ ತಪ್ಪುತ್ತದೆ.

• ಹತ್ತು ವರ್ಷದ ಏರಿಕೆಯನ್ನು ಹತ್ತರಿಂದ ಭಾಗಿಸಬೇಡಿರಿ. ಧಾರವಾಡ ಜಿಲ್ಲೆಯಲ್ಲಿ 2001ರಲ್ಲಿ 16,04,253 ಜನ, 2011ರಲ್ಲಿ 18,47,023. ಏರಿಕೆ ಶೇ. 15.13. ಇದನ್ನು ವರ್ಷಕ್ಕೆ 1.51 ಎಂದು ಹಂಚಿ ಬೆಳೆಸುತ್ತ ಹೋದರೆ, 2011ಕ್ಕೆ ಬರುವಷ್ಟರಲ್ಲಿ ಇಲ್ಲದ ಹದಿನಾರು ಸಾವಿರ ಜನ ಲೆಕ್ಕದಲ್ಲಿ ಸೇರಿರುತ್ತಾರೆ. ಚಕ್ರಬಡ್ಡಿಯ ಹಾಗೆ, ಹೋದ ವರ್ಷ ಹೆಚ್ಚಿದವರ ಮೇಲೂ ಈ ವರ್ಷದ ಏರಿಕೆ ಬೀಳುತ್ತದೆ. ಸರಿಯಾದ ದರ 1.42.

• ದರ ತೆಗೆಯುವುದು ಸುಲಭ. ಹೊಸ ಸಂಖ್ಯೆಯನ್ನು ಹಳೆಯದರಿಂದ ಭಾಗಿಸಿ, ಬಂದದ್ದರ ಘಾತ 0.1 ಮಾಡಿ, ಅದರಲ್ಲಿ 1 ಕಳೆದು 100ರಿಂದ ಗುಣಿಸಿರಿ. ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ.

• ಜಿಲ್ಲೆಯ ದರವನ್ನು ಹಳ್ಳಿಗೆ ಅಂಟಿಸಬೇಡಿರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು ಇದೇ. ಜಿಲ್ಲೆಯ ಅರ್ಧಕ್ಕೂ ಹೆಚ್ಚು ಜನ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿದ್ದಾರೆ. ಅಲ್ಲಿ 2001ರ ಸುಮಾರು 7.86 ಲಕ್ಷ 2011ಕ್ಕೆ 9.44 ಲಕ್ಷವಾಯಿತು, ಅಂದರೆ ವರ್ಷಕ್ಕೆ ಶೇ. 1.84. ಅದನ್ನು ಕಳೆದರೆ ಉಳಿದ ಜಿಲ್ಲೆ 8.18 ಲಕ್ಷದಿಂದ 9.03 ಲಕ್ಷಕ್ಕೆ ಬಂದಿದೆ, ವರ್ಷಕ್ಕೆ ಶೇ. 1 ಮಾತ್ರ. 2011ರಲ್ಲಿ 2,000 ಜನರಿದ್ದ ಹಳ್ಳಿಯನ್ನು 2027ಕ್ಕೆ ಲೆಕ್ಕ ಹಾಕಿ ನೋಡಿರಿ: ಶೇ. 1ರಂತೆ 2,345, ನಗರದ ದರದಂತೆ 2,677. ತಲೆಗೆ ದಿನಕ್ಕೆ 55 ಲೀಟರ್ ನೀರು ಹಿಡಿದರೆ ಅಂತರ ಹದಿನೆಂಟು ಸಾವಿರ ಲೀಟರ್ ದಾಟುತ್ತದೆ.

• ನಮ್ಮ ಕಲಘಟಗಿ ತೊಟ್ಟಿಲಿಗೆ ಹೆಸರಾದ ಊರು. ಆದರೆ ತೊಟ್ಟಿಲು ಎಣಿಸಿದರೆ ಸಾಲದು. ದುಡಿಮೆಗೆಂದು ಹುಬ್ಬಳ್ಳಿಗೆ ಹೋಗಿ ಅಲ್ಲೇ ಮನೆ ಮಾಡಿದವರನ್ನೂ, ಲಗ್ನವಾಗಿ ಬಂದವರನ್ನೂ ಹೋದವರನ್ನೂ ಹಿಡಿಯಬೇಕು. ಅಂಗನವಾಡಿಯ ಸಮೀಕ್ಷೆ ಪುಸ್ತಕದ ಜೊತೆಗಿಟ್ಟು ಒಮ್ಮೆ ತಾಳೆ ನೋಡಿರಿ.

• ಎರಡು ದಶಕದ ಶೇಕಡಾಗಳನ್ನು ಕೂಡಿಸಬಾರದು. ಕರ್ನಾಟಕ 1991-2001ರಲ್ಲಿ ಶೇ. 17.51, ಮುಂದಿನ ದಶಕದಲ್ಲಿ 15.60 ಬೆಳೆಯಿತು. ಕೂಡಿಸಿದರೆ 33.1, ನಿಜವಾದ ಏರಿಕೆ 35.8.

• ಹಿಂದಕ್ಕೆ ಹೋಗುವಾಗ ಭಾಗಿಸಿರಿ. ಜಿಲ್ಲೆಯ 18.47 ಲಕ್ಷದಲ್ಲಿ ಶೇ. 15.13 ಕಳೆದರೆ 15.68 ಲಕ್ಷ ಬರುತ್ತದೆ. ಅದು 2001ರ ಸಂಖ್ಯೆಯಲ್ಲ.

• ಗಡಿ ನೋಡಿರಿ. 1991ರಲ್ಲಿ ಧಾರವಾಡ ಜಿಲ್ಲೆಗೆ ಸುಮಾರು 35 ಲಕ್ಷ ಜನ, 2001ರಲ್ಲಿ 16 ಲಕ್ಷ. ಜನ ಎಲ್ಲೂ ಹೋಗಲಿಲ್ಲ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ನವಲಗುಂದ ತಾಲ್ಲೂಕಿನ ಹಳೆಯ ಲೆಕ್ಕದಲ್ಲಿ, ಈಗ ಬೇರೆ ತಾಲ್ಲೂಕಾಗಿರುವ ಅಣ್ಣಿಗೇರಿಯೂ ಇದೆ.

• ಹಳೆಯ ದರ ಹೀಗೇ ಇರುತ್ತದೆಂದು ನಂಬಬೇಡಿರಿ. 1981-91ರಲ್ಲಿ ರಾಜ್ಯದ ಏರಿಕೆ ಶೇ. 21.12 ಇತ್ತು. ಅದೇ ವೇಗದಲ್ಲಿ 2011ಕ್ಕೆ ಎಳೆದಿದ್ದರೆ 6.6 ಕೋಟಿ ಆಗುತ್ತಿತ್ತು. ಗಣತಿಯಲ್ಲಿ ಸಿಕ್ಕಿದ್ದು 6.11 ಕೋಟಿ. 1911-21ರಲ್ಲಂತೂ 1918ರ ಇನ್‌ಫ್ಲುಯೆಂಜಾ ಹೊಡೆತಕ್ಕೆ ದೇಶದ ಜನಸಂಖ್ಯೆಯೇ ಇಳಿಯಿತು.

• ಅದಕ್ಕೇ ಒಂದೇ ಸಂಖ್ಯೆ ಬರೆಯದೆ ಕಡಿಮೆ ದರದ್ದೊಂದು, ಹೆಚ್ಚಿನದ್ದೊಂದು ಬರೆಯಿರಿ. ಯಾವ ವರ್ಷದಿಂದ, ಯಾವ ದರದಲ್ಲಿ ಎಂಬುದನ್ನು ಪಕ್ಕದಲ್ಲೇ ನಮೂದಿಸಿರಿ. ಹೊಸ ಗಣತಿ ಬಂದಾಗ ನಿಮ್ಮ ನಂತರ ಬಂದವರು ಅದನ್ನು ತಿದ್ದಿಕೊಳ್ಳಬಹುದು.