ಅಜ್ಜಿಯ ಮಡಿಲು, ಸಮಾಜದ ಹೊಣೆ

ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ಅಜ್ಜಿಯೋ, ಸೋದರಮಾವನೋ, ದೊಡ್ಡಪ್ಪನೋ ತಮ್ಮ ಮನೆಗೆ ಕರೆತಂದು ಸಾಕುವುದು ಕನ್ನಡ ನಾಡಿಗೆ ಹೊಸತಲ್ಲ. ಕರುಳು ಕರೆದಾಗ ಯಾರೂ ಕೈಯ ಬಲವನ್ನು ಲೆಕ್ಕಹಾಕುವುದಿಲ್ಲ. ಆದರೆ ಮಮತೆಯೊಂದರಿಂದಲೇ ಹಸಿವು ಹಿಂಗದು. ದಿನಗೂಲಿಯನ್ನೇ ನಂಬಿದ ಮನೆಯಲ್ಲಿ ಉಣ್ಣುವವರು ಹೆಚ್ಚಿದರೆ ಮೊದಲು ನಿಲ್ಲುವುದು ಮಗುವಿನ ಓದು. ಅನಂತರ ಅದು ಕೂಲಿಗೆ ಹೋಗಬೇಕು, ಇಲ್ಲವೇ ಅನಾಥಾಲಯವನ್ನು ಸೇರಬೇಕು.

ಈ ಸಂಕಟಕ್ಕೆ ಪರಿಹಾರವಾಗಿ 2015ರ ಬಾಲನ್ಯಾಯ ಕಾಯಿದೆಯು ‘ಪ್ರಾಯೋಜಕತ್ವ’ವೆಂಬ ನೆರವನ್ನು ಕಲ್ಪಿಸಿದೆ. ಬಂಧುಗಳೊಡನೆ ವಾಸಿಸುವ ಅನಾಥ ಮಕ್ಕಳು ಇದಕ್ಕೆ ಅರ್ಹರೆಂದು ಅದರ 45ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂಬುದೂ ಅದೇ ಕಾಯಿದೆಯ ತತ್ತ್ವ. ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯು ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳನ್ನು ಗೊತ್ತುಪಡಿಸಿತು. ಕುಟುಂಬದ ವಾರ್ಷಿಕ ವರಮಾನವು ಗ್ರಾಮಾಂತರದಲ್ಲಿ 72,000 ರೂಪಾಯಿಗಳನ್ನೂ ಉಳಿದೆಡೆ 96,000 ರೂಪಾಯಿಗಳನ್ನೂ ಮೀರಬಾರದೆಂದು ಅದು ವಿಧಿಸಿತು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಮಗು ತಪ್ಪದೆ ಶಾಲೆಗೆ ಹೋಗುತ್ತಿರಬೇಕು.

ಇಷ್ಟಿದ್ದರೂ ಎಷ್ಟೋ ಹಿರಿಯರು ಅರ್ಜಿ ಹಾಕಲು ಹಿಂಜರಿಯುವರು. “ಮಗಳ ಕೂಸನ್ನು ಸಾಕಲು ಸರ್ಕಾರದ ದುಡ್ಡಿಗೆ ಕೈಯೊಡ್ಡುವುದೇ?” ಎಂಬ ಸಂಕೋಚ ಅವರನ್ನು ತಡೆಯುತ್ತದೆ. ಈ ಸಂಕೋಚವನ್ನು ದಾಸೋಹದ ಬೆಳಕಿನಲ್ಲಿ ಪರಿಶೀಲಿಸಬೇಕು. ಕಾಯಕದಿಂದ ಗಳಿಸಿದುದು ಗಳಿಸಿದವನೊಬ್ಬನದೇ ಅಲ್ಲ. ಅದರಲ್ಲಿ ಸಮಾಜದ ಪಾಲುಂಟು. ಆ ಪಾಲನ್ನು ಸಲ್ಲಿಸುವಾಗ ‘ನಾನು ಕೊಟ್ಟೆ’ನೆಂಬ ಅಹಂಕಾರ ಸುಳಿಯಬಾರದೆಂಬುದು ಶರಣರ ನಿಲವು. ಕೊಡುವವನಲ್ಲಿ ಅಹಂಕಾರವಿಲ್ಲದಿದ್ದರೆ ಪಡೆಯುವವನಿಗೆ ಅವಮಾನವೆಲ್ಲಿಯದು? ನಾಡಿನ ಜನರೆಲ್ಲರೂ ತೆತ್ತ ತೆರಿಗೆಯಿಂದ ಬರುವ ಈ ಹಣ ಮಗುವಿಗೆ ಸಲ್ಲಬೇಕಾದ ಪಾಲು. ಸಂಕೋಚದಿಂದ ಅದನ್ನು ಬಿಟ್ಟುಕೊಡುವ ಅಧಿಕಾರ ಸಾಕುವವರಿಗೂ ಇಲ್ಲ. ಇಳಿವಯಸ್ಸಿನಲ್ಲಿ ಮೊಮ್ಮಗುವನ್ನು ಸಲಹುವ ಅಜ್ಜಿಯದು ಯಾವ ಕಾಯಕಕ್ಕೆ ಕಡಮೆ?

ಇಲ್ಲಿ ಓದುಬರಹ ಬಲ್ಲ ಗೃಹಸ್ಥರಿಗೂ ಒಂದು ಕರ್ತವ್ಯವುಂಟು. ಮರಣಪತ್ರ, ವರಮಾನಪತ್ರ, ಬ್ಯಾಂಕಿನ ಖಾತೆ ಮೊದಲಾದುವನ್ನು ಹೊಂದಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆಯುವುದು ಮುದುಕಿಯೊಬ್ಬಳಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು. ಓಣಿಯಲ್ಲಿ ಅಂತಹ ಮನೆಯೊಂದಿದ್ದರೆ ಅರ್ಜಿ ಬರೆದುಕೊಟ್ಟು ಜೊತೆಯಲ್ಲಿ ಹೋಗಿಬರುವ ಒಂದು ದಿನವೂ ದಾಸೋಹವೇ. ಹಣ ಬರತೊಡಗಿದ ಮೇಲೆಯೂ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಆಗಾಗ ವಿಚಾರಿಸುವವನೇ ನಿಜವಾದ ನೆರೆಯವನು.